ಕಂಬಳಿ ಹಾಸಿದ್ದೋ ಹೊದಿಸಿದ್ದೋ

…ಮೇಲಲ್ಲ, ಕೆಳಗಿತ್ತು ಎಂದೇ ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಆದರೆ ಬರೆಯಲು ಕೂತಾಗ ಕಣ್ಣ ಮುಂದೆ ಬರುವುದು ಕಂಬಳಿ ಹೊದ್ದು ಕೂತ ಯಂತ್ರವೇ. ಕರಿ ಕಂಬಳಿ, ಅಂಚಿನಲ್ಲಿ ಬಿಳಿ ಎಳೆ, ಒಂದು ಮೂಲೆ ಮಡಚಿಕೊಂಡಿದೆ, ಆ ಮೂಲೆಯ ಕೆಳಗೆ ಚಿಕ್ಕದೊಂದು ದೀಪ. ಇಷ್ಟು ವಿವರವಾಗಿ ಕಾಣುವುದರಿಂದಲೇ ನನಗೆ ಅನುಮಾನ. ಅದೇ ದಿನ ಚಿಕ್ಕಮ್ಮ ಯಾವ ಬಣ್ಣದ ಸೀರೆ ಉಟ್ಟಿದ್ದಳು, ನಾನು ಬಸ್ಸಿನಲ್ಲಿ ಹೋಗಿದ್ದೆನೋ ಯಾರದಾದರೂ ಬೈಕಿನಲ್ಲೋ, ಅಲ್ಲಿ ಊಟ ಮಾಡಿದೆನೋ ಇಲ್ಲವೋ, ಒಂದೂ ನೆನಪಿಲ್ಲ. ಎಲ್ಲವನ್ನೂ ಮರೆತವನಿಗೆ ಕಂಬಳಿಯ ಅಂಚು ಮಾತ್ರ ಹೇಗೆ ನೆನಪಿರುತ್ತದೆ?

ಮೊದಲಿನಿಂದ ಹೇಳುತ್ತೇನೆ, ಮೊದಲು ಎಂಬುದು ಇದ್ದರೆ.

ನನ್ನ ತಾಯಿಯ ತಂಗಿ ಸಿರಾ ತಾಲ್ಲೂಕಿನಲ್ಲಿ, ಬುಕ್ಕಾಪಟ್ಟಣದಿಂದ ಆಚೆ ಕುರುಚಲು ಕಾಡಿಗೆ ಒತ್ತಿಕೊಂಡಿರುವ ಒಂದು ಹಟ್ಟಿಯಲ್ಲಿದ್ದಳು. ಕುರಿ ಸಾಕುವ ಮನೆ. ಕೊರೊನಾದ ಎರಡನೇ ಅಲೆಯಲ್ಲಿ ಆಸ್ಪತ್ರೆ ಸೇರಿ ಬದುಕಿ ಬಂದಳು, ಆದರೆ ಉಸಿರು ಅವಳ ಜೊತೆ ಪೂರ್ತಿ ಬರಲಿಲ್ಲ. ಮನೆಯಿಂದ ಕುರಿದೊಡ್ಡಿಗೆ ಹೋಗುವಷ್ಟರಲ್ಲಿ ನಡುವೆ ಒಮ್ಮೆ ಕೂರಬೇಕಾಗಿತ್ತು. ಮಲಗಿದರೆ ಎದೆ ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಶ್ವಾಸಕೋಶದಲ್ಲಿ ಕಲೆ ಉಳಿದಿದೆ, ಮನೆಯಲ್ಲೇ ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟುಕೊಂಡು ದಿನದ ಹೆಚ್ಚು ಹೊತ್ತು ಹಾಕಿಕೊಂಡಿರಬೇಕು, ಮಲಗುವಾಗಂತೂ ತಪ್ಪಿಸಬಾರದು ಎಂದು ವೈದ್ಯರು ಹೇಳಿ ಕಳಿಸಿದ್ದರು. ಸುತ್ತಲಿನ ಗಾಳಿಯನ್ನು ಎಳೆದು, ಸೋಸಿ, ಸಣ್ಣ ಕೊಳವೆಯಲ್ಲಿ ಮೂಗಿಗೆ ಕೊಡುವ ಪೆಟ್ಟಿಗೆ ಅದು. ಹಟ್ಟಿಯ ಬಾಯಲ್ಲಿ ಅದು ಗಾಳಿ ಮಿಷಿನ್ನು. ಕೊಂಡು ತರುವ ಮಾತು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಆಮೇಲೆ ಸರ್ಕಾರದ ಒಂದು ಅನುದಾನ ಬಂತು. ಸೋಂಕಿನ ಕಾಲದಲ್ಲಿ ಚಿಕಿತ್ಸೆ ತಲುಪದ ದೂರದ ಊರುಗಳಿಗೆ, ಅಲೆಮಾರಿಗಳಿಗೆ, ಕುರಿಗಾರರಿಗೆ, ಬಡ ಓಣಿಗಳಿಗೆ ಎಂದು ಅದನ್ನು ವಿವರಿಸುತ್ತಿದ್ದರು. ಪಟ್ಟಣದವರಿಗೆ ಸಿಕ್ಕ ಆರೈಕೆಗೂ ಇವರಿಗೆ ಸಿಕ್ಕದ್ದಕ್ಕೂ ನಡುವಿನ ಕಂದಕ ಮುಚ್ಚುವುದು ಗುರಿ. ಆ ಮಾತುಗಳನ್ನು ನಾನು ಹಂಗಿಸುತ್ತಿಲ್ಲ. ಮಧುಗಿರಿಯಲ್ಲಿ ಕಾಲೇಜು ಹುಡುಗರಿಗೆ ಪಾಠ ಹೇಳುವ ನಾನು ಓಡಾಡಿ, ಫೋನು ಮಾಡಿ, ಚಿಕ್ಕಮ್ಮನಿಗೆ ಒಂದು ಮಿಷಿನ್ನು ಎರವಲು ಕೊಡಿಸಿದೆ. ಹಣ ನಿಜ, ಯಂತ್ರ ನಿಜ. ಅದು ಬಂದ ಮೇಲೆ ಚಿಕ್ಕಮ್ಮ ಬೆನ್ನು ನೆಲಕ್ಕೆ ಹಚ್ಚಿ ಮಲಗಿದ್ದೂ ನಿಜ. ಅಲೆ ಬಂದು ಹೋದ ಮೇಲೆ ಮೊದಲ ಸಲ ಹಾಗೆ ಮಲಗಿದ್ದಕ್ಕೆ ಚಿಕ್ಕಪ್ಪ ಗಾಬರಿಯಾಗಿ ಎರಡು ಸಲ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದನಂತೆ. ಅವಳು ಕಣ್ಣು ಮುಚ್ಚಿಕೊಂಡೇ, "ಇನ್ನೂ ಹೋಗಿಲ್ಲ, ಬೆರಳು ತಗಿ," ಎಂದಳಂತೆ. ಇದನ್ನು ನಾನು ನೋಡಿದ್ದಲ್ಲ, ಕೇಳಿದ್ದು. ಆದರೂ ಬಿಟ್ಟುಕೊಡಲಾರೆ.

ತಂದು ಇಳಿಸಿದ ಇಬ್ಬರು ಗುಂಡಿ ಒತ್ತುವುದು, ನೀರು ಹಾಕುವುದು ತೋರಿಸಿಕೊಟ್ಟರು. ಧೂಳು ಬೀಳದ ಹಾಗೆ ನೋಡಿಕೊಳ್ಳಿ ಎಂದರು. ಅವಸರದಲ್ಲಿದ್ದರು, ಇನ್ನೂ ಮೂರು ಕಡೆ ಹೋಗಬೇಕಿತ್ತು. ಮಿಷಿನ್ನು ತಾನೂ ಉಸಿರಾಡುತ್ತದೆ, ಅದರ ಬೆನ್ನಿನ ಜಾಲರಿಗೆ ಏನೂ ಅಡ್ಡ ಬರಬಾರದು ಎಂದು ಹೇಳಿದರೋ ಇಲ್ಲವೋ. ಹೇಳಲಿಲ್ಲ ಎಂದು ಚಿಕ್ಕಪ್ಪ ಆಣೆ ಮಾಡುತ್ತಾನೆ. ಆಗ ಅವನು ಕುರಿಯ ಹಿಂದೆ ಹೋಗಿದ್ದ ಎಂದು ಅವರ ಸೊಸೆ ಹೇಳುತ್ತಾಳೆ.

ಆ ಮನೆಯಲ್ಲಿ ಕಂಬಳಿ ಎಂದರೆ ಬರೀ ಹೊದಿಕೆಯಲ್ಲ. ಹಿರಿಯರು ಬಂದರೆ ಹಾಸುವುದು ಕಂಬಳಿ. ದೇವರ ಪೆಟ್ಟಿಗೆ ಇಳಿಸುವುದು ಮಡಚಿದ ಕಂಬಳಿಯ ಮೇಲೆ, ಮದುಮಕ್ಕಳನ್ನು ಕೂರಿಸುವುದು ಅದರ ಮೇಲೆ. ಬೆಲೆಯುಳ್ಳದ್ದನ್ನು ಬರಿ ನೆಲಕ್ಕೆ ಇಡುವುದಿಲ್ಲ. ಹಾಗೆಯೇ ಚಳಿಗೆ ನಡುಗುವ ಎಳೆಮರಿಯ ಮೇಲೆ ಹಾಕುವುದೂ ಅದೇ ಕಂಬಳಿ, ಧೂಳಿನ ಗಾಳಿಯಲ್ಲಿ ಹಿಟ್ಟಿನ ಡಬ್ಬಕ್ಕೆ ಮುಚ್ಚುವುದೂ ಅದೇ. ಹೀಗಾಗಿ ಹಾಸಿದ್ದಳು ಎಂದರೂ ನಂಬಬಹುದು, ಹೊದಿಸಿದ್ದಳು ಎಂದರೂ ನಂಬಬಹುದು. ತೊಂದರೆ ಅಲ್ಲೇ ಇರುವುದು.

ಮಿಷಿನ್ನು ಕೆಟ್ಟ ದಿನ ನಾನು ಅಲ್ಲಿದ್ದೆ. ಒಂದು ಭಾನುವಾರ. ಕೀಂ ಎಂದು ಕೂಗಿ ನಿಂತಿತು, ಹಟ್ಟಿಯ ನಾಯಿಗಳೆಲ್ಲ ಬೊಗಳಿದವು. ಚಿಕ್ಕಮ್ಮ ಎದ್ದು ಗೋಡೆಗೆ ಒರಗಿಕೊಂಡಳು. ಸಂಜೆಯಾದರೆ ಆ ಹಟ್ಟಿಯಲ್ಲಿ ಬಲ್ಬು ಆರುತ್ತಿರುವ ಕೆಂಡದ ಹಾಗೆ ಉರಿಯುತ್ತದೆ, ಅಷ್ಟು ಕಡಿಮೆ ವೋಲ್ಟೇಜು. ಅದೂ ಕಾರಣವಿರಬಹುದು. ಬರುವಾಗಲೇ ಹಳೆಯ ಮಿಷಿನ್ನಾಗಿದ್ದರೂ ಇರಬಹುದು. ಎರಡು ಮೂರು ದಿನದ ಮೇಲೆ ಪರಿಶೀಲನೆಗೆಂದು ಒಬ್ಬ ಬಂದ. ಚಪ್ಪಲಿ ಹೊರಗೆ ಬಿಡಿ ಎಂದಾಗ ಸ್ವಲ್ಪ ಮುಖ ಸಿಂಡರಿಸಿದ, ಆದರೆ ಬಿಟ್ಟ. ನಾನು ಮತ್ತೆ ಹೋಗಿದ್ದೆ, ಒಳಗೋಡೆಯ ಹತ್ತಿರ ಚಿಕ್ಕಮ್ಮನ ಪಕ್ಕ ಕೂತಿದ್ದೆ. ಆತ ವೋಲ್ಟೇಜು ನೋಡಲಿಲ್ಲ. ಕಂಬಳಿ ನೋಡಿದ. ಬಾಗಿಲ ಹತ್ತಿರ ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆದ.

ಆ ಫೋಟೋ ಆಮೇಲೆ ನನ್ನ ಫೋನಿಗೂ ಬಂತು, ಯಾವುದೋ ವಾಟ್ಸಾಪ್ ಗುಂಪಿನಿಂದ, ನಗುವ ಮುಖಗಳ ಜೊತೆ. ಅದರಲ್ಲಿ ಕಂಬಳಿ ಯಂತ್ರದ ಮೇಲೇ ಇದೆ. ಈಗ ಇದನ್ನು ಬರೆಯುವಾಗ ಒಂದು ವಿಷಯ ಹೊಳೆಯಿತು. ನನ್ನ ನೆನಪಿನಲ್ಲಿರುವ ಯಂತ್ರ ಬಾಗಿಲ ಕಡೆಯಿಂದ ಕಾಣುತ್ತದೆ. ನಾನು ಕೂತಿದ್ದದ್ದು ಒಳಗೋಡೆಗೆ. ಅಲ್ಲಿಂದ ಆ ಮೂಲೆ, ಆ ದೀಪ ಕಾಣುವುದೇ ಇಲ್ಲ. ಅಂದರೆ ನನ್ನ ನೆನಪು ಎಂದು ನಾನು ಇಟ್ಟುಕೊಂಡಿರುವುದು ಅವನ ಫೋಟೋ.

ಹಾಗಾದರೆ ನಾನು ನೋಡಿದ್ದೇನು? ಆತ ಯಂತ್ರವನ್ನು ವಾಲಿಸಿ ಕೆಳಗಿನ ಕಂಬಳಿ ಎಳೆದದ್ದು, ಎಳೆದದ್ದನ್ನು ಇಡಲು ಜಾಗವಿಲ್ಲದೆ ಯಂತ್ರದ ಮೇಲೇ ಎಸೆದದ್ದು ಮಸುಕಾಗಿ ಕಾಣುತ್ತದೆ. ಆದರೆ ಈ ದೃಶ್ಯ ನನಗೆ ಬಹಳ ಅನುಕೂಲದ್ದು. ಅನುಕೂಲದ ನೆನಪುಗಳನ್ನು ನಾನು ಬೇರೆಯವರಲ್ಲಿ ಕಂಡರೆ ನಂಬುವುದಿಲ್ಲ.

ಚಿಕ್ಕಮ್ಮನನ್ನೇ ಕೇಳಿದೆ, ಎರಡು ಸಲ. ಮೊದಲ ಸಲ ಅವಳು, "ಉಸ್ರು ಕೊಡೋ ವಸ್ತು ಕಣ್ಲಾ, ಬರೀ ನೆಲಕ್ಕೆ ಇಡಕಾಯ್ತದಾ? ಹಾಸಿದ್ದೆ," ಎಂದಳು. ಇನ್ನೊಂದು ದಿನ ಕೇಳಿದಾಗ ಬೇಸರವಾಯಿತು. "ಹೊದಿಸಿದ್ದೆ ಅಂತಾನೆ ಇಟ್ಕೊ. ಧೂಳು ಬೀಳ್ದಂಗೆ ನೋಡ್ಕೊಳ್ರಿ ಅಂದ್ರು. ನೋಡ್ಕೊಂಡೆ. ಅದ್ರಾಗೇನ್ಲಾ ತಪ್ಪು?"

ಮಿಷಿನ್ನು ಹೊರಟುಹೋಯಿತು. ರಿಪೇರಿಗೆ ಎಂದರು. ರಿಪೇರಿಯಾಗಿ ವಾಪಸ್ಸು ಬರುತ್ತದೆ ಎಂದು ಚಿಕ್ಕಮ್ಮ ಅದು ಇದ್ದ ಜಾಗಕ್ಕೆ ಬೇರೆ ಏನನ್ನೂ ಇಡಗೊಡಲಿಲ್ಲ. ಮತ್ತೆ ಗೋಡೆಗೆ ಒರಗಿ ನಿದ್ದೆ ಮಾಡಲು ಶುರು ಮಾಡಿದಳು.

ವಾರಗಳಾದರೂ ಬರಲಿಲ್ಲ. ಆಗ ಮಧುಗಿರಿಯಲ್ಲಿ ಅದೇ ಅನುದಾನದ ಬಗ್ಗೆ ಒಂದು ಸಭೆ ಇದೆ, ಸಾರ್ವಜನಿಕರೂ ಬರಬಹುದು ಎಂದು ತಿಳಿದು ಹೋದೆ. ಯಾರ ಸಭೆ, ಯಾವ ಕಟ್ಟಡ ಎಂಬುದು ಬೇಡ. ಒಬ್ಬ ಅಧಿಕಾರಿ, ಮೃದು ಮಾತಿನ ಮನುಷ್ಯ, ಎದ್ದು ನಿಂತು ಹಣ ಬಂದರೆ ಸಾಲದು, ಜನಕ್ಕೆ ಅರಿವೂ ಬರಬೇಕು ಎಂದ. ಉದಾಹರಣೆಗೆ ಎಂದು ಕಂಬಳಿಯ ಕಥೆ ಹೇಳಿದ. ಮಿಷಿನ್ನಿಗೆ ಚಳಿಯಾಗುತ್ತದೆಂದು ಹೊದಿಸಿ ಮಲಗಿಸಿದ್ದರಂತೆ. ಸಭೆ ನಕ್ಕಿತು. ನಾನು ಎದ್ದು, ಅದು ನನ್ನ ಚಿಕ್ಕಮ್ಮನ ಮನೆ, ಅವಳಿಗೆ ಈಗ ಮಲಗಲಾಗುತ್ತಿಲ್ಲ, ಮಿಷಿನ್ನು ಯಾವಾಗ ವಾಪಸ್ಸು ಕೊಡುತ್ತೀರಿ ಎಂದು ಕೇಳಿದೆ. ನಗು ನಿಂತಿತು. ಆತ ನಿಜವಾಗಿಯೂ ನೊಂದುಕೊಂಡ.

"ತಪ್ಪು ತಿಳ್ಕೋಬೇಡಿ ಸಾರ್. ನಾನು ಅವರನ್ನ ಬಯ್ತಿಲ್ಲ. ಪಾಪ, ಅವರಿಗೇನು ಗೊತ್ತಾಗುತ್ತೆ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇನ್ನು ಮೇಲೆ ಮನೆಗಳಿಗೆ ಎರವಲು ಕೊಡುವುದಿಲ್ಲವೆಂದು ತೀರ್ಮಾನವಾಗಿದೆ, ಕೊಟ್ಟಿದ್ದನ್ನೂ ವಾಪಸ್ಸು ತರಿಸುತ್ತಿದ್ದೇವೆ, ಉಪಕೇಂದ್ರಗಳಲ್ಲೇ ಇಟ್ಟು ತರಬೇತಾದವರ ಕೈಯಲ್ಲಿ ನಡೆಸುತ್ತೇವೆ, ರೋಗಿಗಳು ಅಲ್ಲಿಗೆ ಬರಬಹುದು ಎಂದು ವಿವರಿಸಿದ. ಮಲಗುವ ಹೊತ್ತಿಗೆ ಬೇಕಾದ ಗಾಳಿಗೆ ಹಗಲು ಅಲ್ಲಿಗೆ ಹೋಗಿ ಏನು ಮಾಡುವುದು ಎಂದು ಕೇಳಿದೆ. ಅದನ್ನು ಮೇಲಕ್ಕೆ ತಿಳಿಸುತ್ತೇನೆ ಎಂದ. ತಿಳಿಸಿದ್ದರೂ ತಿಳಿಸಿರಬಹುದು, ಸುಳ್ಳು ಹೇಳುವ ಮುಖವಲ್ಲ. ಪಟ್ಟಣದ ಕೆಲವು ಮನೆಗಳಲ್ಲಿ, ಆ ಅಲೆಯಲ್ಲೇ ಪ್ರಭಾವದಿಂದ ಒಯ್ದ ಮಿಷಿನ್ನುಗಳು ಹಾಗೇ ಇದ್ದವು ಎಂಬುದು ಆ ಕೋಣೆಯಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ಅವುಗಳ ಮೇಲೆ ಏನು ಹೊದಿಸಿದ್ದಾರೆ ಎಂದು ನೋಡಲು ಯಾರೂ ಹೋಗಿರಲಿಲ್ಲ.

ಆಮೇಲೆ ನಾನು ಇತರ ಕಡೆ ಹುಡುಕತೊಡಗಿದೆ. ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯ ಹತ್ತಿರ ಒಂದು ಮನೆಯಲ್ಲಿ ರೋಗಿ ತೀರಿಕೊಂಡು ಮಿಷಿನ್ನು ಸುಮ್ಮನೆ ಬಿದ್ದಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಹೊಳವನಹಳ್ಳಿಯಲ್ಲಿ ಬಸ್ಸಿಳಿದು ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಆ ಮನೆಯ ದಾರಿ ಕೇಳಿದೆ. ಗಾಳಿ ಮಿಷಿನ್ನಿನ ಮನೆ ಎಂದದ್ದೇ ತಡ, ಟೀ ಕುಡಿಯುತ್ತಿದ್ದ ಒಬ್ಬ ಕಥೆ ತೆಗೆದ. ಈ ಸಲ ಕಂಬಳಿಯ ಮೇಲೆ ಕುಂಕುಮವೂ ಬಿದ್ದಿತ್ತು, ಮಂಗಳಾರತಿಯೂ ಆಗಿತ್ತು, ಮಿಷಿನ್ನಿನ ಮುಂದೆ ಕುರಿ ಕಡಿಯಲು ಹೊರಟಿದ್ದವರನ್ನು ಯಾರೋ ತಡೆದಿದ್ದರು. ಪಕ್ಕದಲ್ಲಿದ್ದವನು, "ಲೇ, ಕುರಿ ನೀನೇ ಸೇರಿಸ್ದೆ ಕಣ್ಲಾ ಈಗ," ಎಂದು ಹಂಗಿಸಿದ. ಹೇಳುತ್ತಿದ್ದವನು ನಾಚಲಿಲ್ಲ. ಕಥೆ ಎಂದರೆ ಅಂಗೇ ಇರಬೇಕು ಎಂದ. ನಾನು ದಾರಿ ಕೇಳಿಕೊಂಡು ಹೊರಟೆ. ಆ ಮನೆಯವರು ಒಳ್ಳೆಯವರು, ಮಜ್ಜಿಗೆ ಕೊಟ್ಟರು. ಮಿಷಿನ್ನನ್ನು ಹಿಂದಿನ ವಾರವಷ್ಟೇ ಬಂದು ಒಯ್ದಿದ್ದರಂತೆ.

ಪಾವಗಡದ ಕಡೆ ಇನ್ನೊಂದು ಇದೆ ಎಂದು ಕೇಳಿ ಅಲ್ಲಿಗೂ ಹೋದೆ. ವಳ್ಳೂರಿನ ಸುತ್ತ ನೋಡಿದಷ್ಟು ದೂರ ಸೋಲಾರ್ ಫಲಕಗಳು, ಅವುಗಳ ನಡುವೆ ಬಸ್ಸು ಹೋಗುತ್ತಿದ್ದರೆ ಒಂದೇ ಜಾಗದಲ್ಲಿ ನಿಂತಿದ್ದೇವೆ ಅನ್ನಿಸುತ್ತದೆ. ಮಿಷಿನ್ನು ಇದ್ದ ಮನೆಯ ಯಜಮಾನ ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವವನು. ಅವನ ತಾಯಿ ಒಳಗೆ ಕೆಮ್ಮುತ್ತಿದ್ದಳು. ನಾನು ಎರವಲು ಕೇಳಲು ಬಂದವನು ಎಂದು ಗೊತ್ತಾದ ಮೇಲೆ ಅವನು ನಕ್ಕ, ಆದರೆ ಅದು ನಗುವಲ್ಲ.

"ಮಾದೂ ತೀಸ್ಕೊಂಡು ಹೋದರು ಸಾರ್. ಸಿರಾ ಕಡೆ ಯಾರೋ ಮಿಷಿನ್ಗೆ ಗೊಂಗಡಿ ಕಪ್ಪಿದಾರಂಟ ಕದಾ. ವಾಳ್ಳು ಮಾಡಿದ್ದಕ್ಕೆ ಮಾ ಅಮ್ಮಂಗೆ ಶಿಕ್ಷೆ."

ಗೊಂಗಡಿ ಎಂದರೆ ಕಂಬಳಿಯೇ, ಕಪ್ಪುವುದೆಂದರೆ ಹೊದಿಸುವುದು; ಯಾರೋ ಹೊದಿಸಿದರೆಂದು ಇವರದನ್ನೂ ಒಯ್ದಿದ್ದರು. ಆ ಸಿರಾ ಕಡೆಯವರು ನಾವೇ ಎಂದು ನಾನು ಹೇಳಲಿಲ್ಲ. ಅವನ ತಾಯಿಯ ಕೆಮ್ಮು ಕೇಳಿಸುತ್ತಿರುವಾಗ ಕಂಬಳಿ ಕೆಳಗಿತ್ತು, ಮೇಲಲ್ಲ ಎಂದು ವಾದಿಸುವುದು ನನ್ನಿಂದಾಗಲಿಲ್ಲ. ನಾನು ಹೋದಲ್ಲೆಲ್ಲ ಕಥೆ ನನಗಿಂತ ಮೊದಲೇ ತಲುಪಿತ್ತು, ಮಿಷಿನ್ನು ನನಗಿಂತ ಮೊದಲೇ ಹೊರಟಿತ್ತು ಎಂದು ಬಸ್ಸಿನಲ್ಲಿ ಬರುವಾಗ ಒಂದು ವಾಕ್ಯ ಕಟ್ಟಿದೆ. ವಾಕ್ಯ ಚೆನ್ನಾಗಿದೆ, ನಿಜವಲ್ಲ. ನಾನು ಹೋಗದ ಕಡೆಯೂ ಮಿಷಿನ್ನುಗಳು ಹೊರಟಿದ್ದವು.

ಕೊನೆಗೆ ಹಟ್ಟಿಗೆ ಹತ್ತಿರದ ಒಂದು ಉಪಕೇಂದ್ರದಲ್ಲಿ ಉಸಿರಾಟದ ಕೊಠಡಿ ಎಂದು ತೆರೆದರು. ಹತ್ತಿರ ಎನ್ನುವುದು ನಕ್ಷೆಯ ಮಾತು. ಗೋಡೆಗೆ ತಿಳಿನೀಲಿ ಬಣ್ಣ, ಒಂದು ಹೂವಿನ ಚಿತ್ರ, ಮೂರು ಕುರ್ಚಿ, ಮೂರು ಮಿಷಿನ್ನು. ಸಿರಾದ ಒಬ್ಬ ಆಟೋ ಚಾಲಕ, ಮುಸಲ್ಮಾನರ ಹುಡುಗ, ಹಟ್ಟಿಯಿಂದ ಕುರಿ ಕೊಳ್ಳುತ್ತಿದ್ದ ಅವನ ತಂದೆಯ ಕಾಲದಿಂದ ಆ ಮನೆಗೆ ಪರಿಚಿತ. ಅವನು ಚಿಕ್ಕಮ್ಮನನ್ನು ಖಾಲಾ ಎಂದು ಕರೆಯುತ್ತಿದ್ದ. ಅವರ ಮಾತಿನಲ್ಲೂ ಅದು ತಾಯಿಯ ತಂಗಿಯೇ. ಅವಳನ್ನು ಅವನು ಕರೆದೊಯ್ಯುವುದು, ಕೂರಿಸುವುದು, ಮತ್ತೆ ತಂದು ಬಿಡುವುದು. ಒಂದೆರಡು ಸಲ ನಾನೂ ಜೊತೆ ಹೋದೆ. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಅವನು ಎಚ್ಚರಿಸುತ್ತ, "ಸಂಭಾಲ್ಕೆ ಖಾಲಾ," ಎನ್ನುವನು, ಚಿಕ್ಕಮ್ಮ ಕಂಬಿ ಹಿಡಿದುಕೊಳ್ಳುವಳು. ಹೋಗಿ ಇಳಿಯುವಷ್ಟರಲ್ಲಿ ತುಟಿ ಕಪ್ಪಿಡುತ್ತಿತ್ತು. ಬೆರಳಿಗೆ ಕ್ಲಿಪ್ಪು ಹಾಕಿ ರಕ್ತದ ಆಕ್ಸಿಜನ್ ನೋಡಿದರೆ ಅಂಕಿ ತೀರ ಕೆಳಗೆ. ಕೂತು, ಗಾಳಿ ಎಳೆದು, ಅಂಕಿ ಮೇಲೆ ಬಂದು, ಮುಖ ತಿಳಿಯಾಗುವ ಹೊತ್ತಿಗೆ ಕೇಂದ್ರ ಮುಚ್ಚುವ ಹೊತ್ತು.

"ಅಲ್ಲಿ ಕುಡುದಿದ್ದೆಲ್ಲ ದಾರೀಲೇ ಖರ್ಚಾಯ್ತದೆ ಕಣ್ಲಾ," ಎಂದಳು ಒಮ್ಮೆ ಆಟೋ ಇಳಿಯುವಾಗ. ಅದನ್ನೇ ನಾನು ಮಧುಗಿರಿಯ ಆ ಅಧಿಕಾರಿಗೆ ಫೋನಿನಲ್ಲಿ ಹೇಳಿದೆ. ಬಹಳ ಚೆನ್ನಾಗಿ ಹೇಳಿದ್ದಾರೆ ಎಂದು ಮೆಚ್ಚಿಕೊಂಡ.

ಆ ಕೇಂದ್ರಕ್ಕೆ ಒಬ್ಬಳು ಹೊಸ ನರ್ಸಮ್ಮ ಬಂದಿದ್ದಳು. ಚುರುಕಾದ ಹೆಣ್ಣು, ಮುದುಕರ ಮೇಲೆ ಪ್ರೀತಿ. ಕೊಳವೆಯನ್ನು ಮೂಗಿಗೆ ಸಿಕ್ಕಿಸುವಾಗ ಕಿವಿಯ ಹಿಂದೆ ನೋಯಬಾರದೆಂದು ಹತ್ತಿ ಇಡುತ್ತಿದ್ದಳು. ನಾನು ಜೊತೆಗಿದ್ದ ಒಂದು ದಿನ, ಸೆಖೆ ಎಂದು ಚಿಕ್ಕಮ್ಮ ಭುಜದ ಟವೆಲು ತೆಗೆದು ಪಕ್ಕದ ಮಿಷಿನ್ನಿನ ಮೇಲೆ ಇಟ್ಟಳು. ನರ್ಸಮ್ಮ ಅದನ್ನು ಮೆಲ್ಲಗೆ ಎತ್ತಿ ಅವಳ ತೊಡೆಯ ಮೇಲೆ ಇಟ್ಟು ನಕ್ಕಳು.

"ಅಜ್ಜಿ, ಇದ್ರ ಮ್ಯಾಲೆ ಏನೂ ಹಾಕ್ಬಾರ್ದು. ಯಾವುದೋ ಹಟ್ಟೀಲಿ ಕಂಬಳಿ ಹೊದಿಸಿ ಮಲಗ್ಸಿದ್ರಂತೆ, ಕೇಳಿಲ್ವಾ?"

ನಾನು ಬಾಯಿ ತೆರೆದೆ. ಚಿಕ್ಕಮ್ಮನ ಕೈ ನನ್ನ ಮಣಿಕಟ್ಟಿನ ಮೇಲೆ ಬಂತು. ಗಟ್ಟಿಯಾಗಿ ಹಿಡಿದಳು, ಅಷ್ಟು ಶಕ್ತಿ ಅವಳಲ್ಲಿ ಉಳಿದಿದೆ ಎಂದು ನಾನು ಅಂದುಕೊಂಡಿರಲಿಲ್ಲ.

"ಹೌದಾ ತಾಯಿ," ಎಂದಳು. "ಎಂತೆಂಥ ಜನ ಇರ್ತಾರೆ ನೋಡು."

ನಕ್ಕಳು ಕೂಡ. ನಕ್ಕಿದ್ದಕ್ಕೆ ಕೆಮ್ಮು ಬಂತು, ನರ್ಸಮ್ಮ ಬೆನ್ನು ನೀವಿದಳು. ಇದನ್ನು ಮಾತ್ರ ನಾನು ನೋಡಿದ್ದೇನೆ, ನನ್ನ ಕುರ್ಚಿಯಿಂದಲೇ ನೋಡಿದ್ದೇನೆ. ಹಾಗೆಂದು ನಂಬಿದ್ದೇನೆ.

ಅದಾದ ಮೇಲೆ ಚಿಕ್ಕಮ್ಮ ಕೇಂದ್ರಕ್ಕೆ ಹೋಗಲಿಲ್ಲ. ಆಟೋದವನು ಬಂದು ಬಾಗಿಲಲ್ಲಿ ನಿಂತರೆ ನಾಳೆ ಬಾ ಎಂದಳಂತೆ, ನಾಳೆ ಬಂದರೆ ಹಾಗೇ ಕಳಿಸಿದಳಂತೆ. ನಾನು ಫೋನು ಮಾಡಿ ಬೈದೆ, ಬೇಡಿಕೊಂಡೆ. ಕುರಿ ಈಯುತ್ತಿವೆ, ಮನೆಯಲ್ಲಿ ಜನ ಬೇಕು ಎಂದಳು. ಕುರಿ ಈಯುವ ಕಾಲವೇ ಅದು, ಆ ಮಾತು ಸುಳ್ಳಲ್ಲ. ಆದರೆ ಎದ್ದು ದೊಡ್ಡಿಯ ತನಕ ಹೋಗಲಾಗದವಳು ಅಲ್ಲಿ ಏನು ಮಾಡಬೇಕಿತ್ತು ಎಂದು ಕೇಳಲು ನನಗೆ ಮನಸ್ಸು ಬರಲಿಲ್ಲ. ಹಟ್ಟಿಗೆ ಹೋಗಿ ಎದುರು ಕೂತು ಕೇಳಿದಾಗ ಕುರಿಯ ಮಾತು ಬಿಟ್ಟು, ಸಾಕಾಯ್ತು ಎಂದಷ್ಟೇ ಹೇಳಿದಳು. ಏನು ಸಾಕಾಯ್ತು ಎಂದರೆ ಟೀ ಕುಡಿ ಎಂದಳು.

ಮುಂಗಾರಿನ ಮೊದಲೇ ಅವಳು ಹೋದಳು, ಗೋಡೆಗೆ ಒರಗಿ ಕೂತ ಹಾಗೇ. ಮಣ್ಣಿಗೆ ಇಡುವಾಗಲೇ ಅವಳನ್ನು ನೆಟ್ಟಗೆ ಮಲಗಿಸಿದ್ದು.

ಆ ಅನುದಾನ ಮುಗಿಯಿತು. ಗುರಿ ಸಾಧಿಸಿದೆ ಎಂದು ಎಲ್ಲೋ ಹೇಳಿದ್ದನ್ನು ಕೇಳಿದೆ, ಮಿಷಿನ್ನುಗಳು ಕೊಠಡಿಗಳನ್ನು ತಲುಪಿದ್ದು ನಿಜವೇ. ಮಧುಗಿರಿಯ ಅಧಿಕಾರಿ ವರ್ಗವಾಗಿ ಹೋಗಿದ್ದಾನೆ. ಇನ್ನೊಮ್ಮೆ ಅಂಥದೇ ಸೋಂಕು ಬಂದರೆ, ಇನ್ನೊಮ್ಮೆ ಅಂಥದೇ ಹಣ ಬಂದರೆ, ಹಟ್ಟಿಗಳಿಗೆ ಏನು ಕೊಡಬಹುದು ಏನು ಕೊಡಬಾರದು ಎಂದು ನಿರ್ಧರಿಸುವ ಕೋಣೆಯಲ್ಲಿ ಯಾರೋ ಒಬ್ಬ ಈ ಕಥೆ ಹೇಳುತ್ತಾನೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದಕ್ಕೆ ಎದುರಾಗಿ ಹೇಳಲು ನನ್ನ ಬಳಿ ಇರುವುದು ಒಂದು ಸರಿಯಾದ ಸಾಕ್ಷಿಯೂ ಅಲ್ಲ.

ಅವಳು ಹೋಗುವುದನ್ನು ಬಿಟ್ಟಿದ್ದು ಯಾಕೆ ಎಂದು ಆಮೇಲೆ ಎಲ್ಲರನ್ನೂ ಕೇಳಿದೆ. ಚಿಕ್ಕಪ್ಪ ಕುರಿಯ ಮಾತನ್ನೇ ಹೇಳುತ್ತಾನೆ. ದಾರಿ ಅವಳನ್ನು ಹಣ್ಣು ಮಾಡುತ್ತಿತ್ತು, ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ ಎಂದು ಆಟೋದವನು ಹೇಳುತ್ತಾನೆ, ಹೇಳುವಾಗ ಅಳುತ್ತಾನೆ. ಅಜ್ಜಿ ಯಾಕೆ ಬರುತ್ತಿಲ್ಲ ಎಂದು ನರ್ಸಮ್ಮ ನನ್ನನ್ನೇ ಕೇಳಿದ್ದಳು, ಆಗಿನ್ನೂ ಚಿಕ್ಕಮ್ಮ ಇದ್ದಳು. ಆ ನಗೆಯಿಂದ ಬಿಟ್ಟಳೋ, ಆ ದಾರಿಯಿಂದಲೋ, ಹೋಗಿಯೂ ಪ್ರಯೋಜನವಿಲ್ಲ ಎಂದು ನಮಗಿಂತ ಮೊದಲೇ ಅವಳಿಗೆ ತಿಳಿದಿತ್ತೋ. ನನಗೆ ಗೊತ್ತಿಲ್ಲ. ಅವಳು ಹೇಳಲಿಲ್ಲ.